ಹಳೆಯ ಟೆಂಟು, ಸ್ಟೌ, ಬೆನ್ನುಚೀಲ: ವಾರಂಟಿಯಲ್ಲಿ ಯಾವುದು ರಿಪೇರಿಯಾಗುತ್ತದೆ?

ಕ್ಯಾಂಪಿಂಗ್ ಸಾಮಾನಿನ ರಿಪೇರಿ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಬೆನ್ನುಚೀಲ ಕೊಂಡು ಬಹಳ ವರ್ಷವಾಯಿತು. ಅದರ ಚೀಟಿಯಲ್ಲಿ ‘ಲೈಫ್‌ಟೈಮ್ ವಾರಂಟಿ’ ಎಂದಿದೆ. ಈಗ ಭುಜದ ಪಟ್ಟಿ ಬುಡದಲ್ಲಿ ಕಿತ್ತಿದೆ. ಬಿಲ್ ಕಳೆದಿದೆ. ಲೈಫ್‌ಟೈಮ್ ಎಂದರೆ ನಾನು ಬದುಕಿರುವವರೆಗೆ ತಾನೇ?

ಉತ್ತರ: ಅಲ್ಲ. ಹೆಚ್ಚಿನ ಕಂಪನಿಗಳ ಲೆಕ್ಕದಲ್ಲಿ ಅದು ಚೀಲದ ಆಯುಸ್ಸು. ಬಟ್ಟೆ, ದಾರ, ಒಳಲೇಪ ಸಹಜವಾಗಿ ಸವೆದು ಮುಗಿಯಲು ಎಷ್ಟು ಕಾಲ ಬೇಕೋ ಅಷ್ಟು, ಮತ್ತು ಆ ಕಾಲ ಮುಗಿದಿದೆಯೇ ಎಂದು ಹೇಳುವವರು ಕಂಪನಿಯ ರಿಪೇರಿ ವಿಭಾಗದವರೇ. ಚೀಟಿಯನ್ನು ಇನ್ನೊಮ್ಮೆ ನೋಡಿ, ಎಲ್ಲೋ ಒಂದು ಕಡೆ ‘ಲಿಮಿಟೆಡ್’ ಎಂಬ ಮಾತು ಇರಬಹುದು. ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ, ಬರಹದಲ್ಲಿ ಕೊಡುವ ವಾರಂಟಿ ‘ಫುಲ್’ ಆಗಿದೆಯೋ ‘ಲಿಮಿಟೆಡ್’ ಆಗಿದೆಯೋ ಎಂದು ಸ್ಪಷ್ಟವಾಗಿ ನಮೂದಿಸಬೇಕು ಎಂದಿತು. ಎರಡನೆಯದು ಕಂಪನಿಗೆ ಹಗುರ, ಹಾಗಾಗಿ ಅದೇ ಎಲ್ಲೆಡೆ ಕಾಣುತ್ತದೆ. ಅಂಥ ವಾರಂಟಿಯಲ್ಲಿ ಬರುವುದು ಎರಡೇ ಸಂಗತಿ: ಬಳಸಿದ ವಸ್ತುವಿನ ದೋಷ, ತಯಾರಿಕೆಯ ದೋಷ. ಸವೆತ, ಬಿಸಿಲು, ಬೆಂಕಿಯ ಕಿಡಿ, ಇಲಿ ಕಡಿದದ್ದು, ಒದ್ದೆಯಾಗಿ ಮಡಚಿಟ್ಟು ಬಂದ ಬೂಷ್ಟು ಇವೆಲ್ಲ ಹೊರಗೆ.

ಆದ್ದರಿಂದ ನಿಮ್ಮ ಪಟ್ಟಿ ಎಷ್ಟು ವರ್ಷ ಹಳೆಯದು ಎನ್ನುವುದಕ್ಕಿಂತ ಹೇಗೆ ಕಿತ್ತಿದೆ ಎನ್ನುವುದು ಮುಖ್ಯ. ಕಿತ್ತ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಗಟ್ಟಿಯಾಗಿದ್ದು, ಸೂಜಿಯ ತೂತುಗಳು ಸಾಲಾಗಿ ಹಾಗೇ ಉಳಿದು, ದಾರ ಮಾತ್ರ ಬಿಚ್ಚಿಕೊಂಡಿದ್ದರೆ ಅದು ಹೊಲಿಗೆಯ ದೋಷ. ಭಾರ ಬೀಳುವ ಕಡೆ ಹಿಂದೆ-ಮುಂದೆ ಓಡಿಸಿ ಹಾಕಬೇಕಾದ ದಪ್ಪ ಹೊಲಿಗೆ ಹಾಕದೆ ಬಿಟ್ಟಿರುತ್ತಾರೆ. ಬಟ್ಟೆಯ ಅಂಚೇ ಎಳೆಎಳೆಯಾಗಿ ಹೊಲಿಗೆಯೊಳಗಿಂದ ಜಾರಿ ಬಂದಿದ್ದರೆ ಅದೂ ತಯಾರಿಕೆಯ ತಪ್ಪೇ, ಒಳಗೆ ಬಿಡಬೇಕಾದ ಅಂಚು ಕಿರಿದಾಗಿತ್ತು ಎಂದರ್ಥ. ಆದರೆ ಸುತ್ತಲಿನ ಬಟ್ಟೆ ತೆಳುವಾಗಿ ಜಾಳುಜಾಳಾಗಿದ್ದರೆ ಸವೆತ, ದಾರ ಬಣ್ಣಗೆಟ್ಟು ಉಗುರಿಗೆ ಪುಡಿಯಾದರೆ ಬಿಸಿಲು. ಮೊದಲಿನ ಎರಡರಲ್ಲಿ ಯಾವುದಾದರೂ ಇದ್ದರೆ ಚೀಲದ ವಯಸ್ಸಿಗೆ ಹೆದರದೆ ಬರೆಯಿರಿ.

ಕಂಪನಿಯಿಂದ ಕಂಪನಿಗೆ ಔದಾರ್ಯ ಬೇರೆಬೇರೆ. 1974ರಲ್ಲಿ ಶುರುವಾದ ಆಸ್ಪ್ರೇ ತನ್ನ ಚೀಲ ಎಷ್ಟೇ ಹಳೆಯದಾದರೂ, ಯಾವ ಕಾರಣಕ್ಕೆ ಹಾಳಾದರೂ ರಿಪೇರಿ ಮಾಡಿಕೊಡುವುದಾಗಿ ಹೇಳಿ ಹೆಸರು ಗಳಿಸಿತು. ಅತ್ತ ಇಂಥ ಸಾಮಾನು ಮಾರುವ ಅಮೆರಿಕದ ಆರ್‌ಇಐ 2013ರಲ್ಲಿ, ಎಲ್.ಎಲ್. ಬೀನ್ 2018ರಲ್ಲಿ ಕಾಲಮಿತಿಯಿಲ್ಲದ ವಾಪಸಾತಿಯನ್ನು ಒಂದು ವರ್ಷಕ್ಕೆ ಇಳಿಸಿದವು. ದೇಶದಿಂದ ದೇಶಕ್ಕೂ ನಿಯಮ ಬದಲಾಗುತ್ತದೆ. ನೀವು ಕೊಂಡ ಕಾಲದಲ್ಲಿ ಯಾವ ನಿಯಮವಿತ್ತು ಎಂದು ತೋರಿಸುವ ಆ ಹಳೆಯ ಚೀಟಿಯನ್ನು ಜೋಪಾನವಾಗಿಡಿ. ಬಿಲ್ಲಿಗಿಂತ ಕೆಲವೊಮ್ಮೆ ಅದಕ್ಕೇ ತೂಕ ಹೆಚ್ಚು.

ಇನ್ನು ಬಿಲ್ ವಿಷಯ. ಚೀಲದ ಒಳಗೆ, ಸಾಮಾನ್ಯವಾಗಿ ಬೆನ್ನಿನ ಕಡೆಯ ಹೊಲಿಗೆಯಲ್ಲಿ ಅಥವಾ ನೀರಿನ ಚೀಲ ಇಡುವ ಜೇಬಿನಲ್ಲಿ, ಒಂದು ಸಣ್ಣ ಬಿಳಿ ಪಟ್ಟಿಯ ಮೇಲೆ ತಯಾರಿಕೆಯ ಸಂಕೇತ ಅಚ್ಚಾಗಿರುತ್ತದೆ. ಟೆಂಟಿನಲ್ಲಾದರೆ ಬಾಗಿಲ ಬಳಿಯ ಒಳಹೊಲಿಗೆಯಲ್ಲೋ ಅದನ್ನು ತುಂಬುವ ಚೀಲದಲ್ಲೋ, ಗಾಳಿಹಾಸಿಗೆಯಲ್ಲಾದರೆ ವಾಲ್ವ್ ಪಕ್ಕದಲ್ಲಿ. ಆ ಸಂಕೇತದಿಂದ ಮಾದರಿ ಮತ್ತು ತಯಾರಾದ ಕಾಲ ಕಂಪನಿಗೆ ತಿಳಿಯುತ್ತದೆ. ಬಿಲ್ ಇಲ್ಲದವರಿಗೆ ಎಷ್ಟೋ ಕಂಪನಿಗಳು ಅದನ್ನೇ ಆಧಾರವಾಗಿ ಒಪ್ಪುತ್ತವೆ. ಕಿರಿಕಿರಿ ಮಾಡುತ್ತದೆಂದು ಆ ಪಟ್ಟಿಯನ್ನು ಕತ್ತರಿಸಿ ಎಸೆದವರು ಮಾತ್ರ ಬಿಲ್ಲನ್ನೇ ಹುಡುಕಬೇಕು. ಬೇರೆಯವರಿಂದ ಕೊಂಡ ಹಳೆಯ ಸಾಮಾನಾದರೆ ‘ಮೊದಲ ಖರೀದಿದಾರರಿಗೆ ಮಾತ್ರ’ ಎಂಬ ಸಾಲು ಇದೆಯೇ ನೋಡಿ. ಇದ್ದರೂ ಹಣ ಕೊಟ್ಟು ರಿಪೇರಿ ಮಾಡಿಸಿಕೊಳ್ಳುವ ದಾರಿ ತೆರೆದಿರುತ್ತದೆ.

ಪ್ರಶ್ನೆ: ಮೂರು ವರ್ಷ ಕಟ್ಟಿಟ್ಟಿದ್ದ ಟೆಂಟ್ ಬಿಚ್ಚಿದರೆ ನೆಲಹಾಸು ಕೈಗೆ ಅಂಟುತ್ತಿದೆ, ವಾಂತಿಯಂಥ ವಾಸನೆ, ಒಳಗಿಂದ ಹೊಟ್ಟಿನಂತೆ ಪದರ ಉದುರುತ್ತಿದೆ. ಹೆಚ್ಚು ಬಳಸಿಯೇ ಇಲ್ಲ. ವಾರಂಟಿ ಸಿಗುವುದಿಲ್ಲವೇ?

ಉತ್ತರ: ಬಳಸದೆ ಇಟ್ಟದ್ದೇ ಇಲ್ಲಿ ಮುಳುವಾಗಿದೆ. ಬಟ್ಟೆಯ ಒಳಮೈಗೆ ನೀರು ತಡೆಯಲು ಬಳಿದಿರುವುದು ಪಾಲಿಯುರಿಥೇನ್. ತೇವಾಂಶ ಅದರ ರಾಸಾಯನಿಕ ಕೊಂಡಿಗಳನ್ನು ನಿಧಾನಕ್ಕೆ ಮುರಿಯುತ್ತದೆ, ಸೆಕೆ ಹೆಚ್ಚಿದ್ದಷ್ಟೂ ಬೇಗ. ಅಂಟು, ವಾಸನೆ, ಹೊಟ್ಟು ಮೂರೂ ಇದರದೇ ಲಕ್ಷಣ. ಪಾಲಿಯುರಿಥೇನ್‌ನಲ್ಲಿ ಪಾಲಿಯೆಸ್ಟರ್ ಮೂಲದ್ದು ಬೇಗ ಕರಗುತ್ತದೆ, ಪಾಲಿಈಥರ್ ಮೂಲದ್ದು ಹೆಚ್ಚು ಕಾಲ ತಡೆಯುತ್ತದೆ. ಆದರೆ ನಿಮ್ಮ ಟೆಂಟಿಗೆ ಯಾವುದನ್ನು ಬಳಿದಿದ್ದಾರೆ ಎನ್ನುವುದು ಅದರ ಚೀಟಿಯಲ್ಲಿ ಇರುವುದು ಅಪರೂಪ. ಕಂಪನಿಗಳು ಇದನ್ನು ಸಂಗ್ರಹಿಸಿಟ್ಟ ರೀತಿಯ ದೋಷ ಅಥವಾ ವಯಸ್ಸಿನ ಸಹಜ ಫಲ ಎಂದು ತಳ್ಳಿಹಾಕುತ್ತವೆ. ಕೊಂಡು ಒಂದೆರಡು ವರ್ಷದೊಳಗೇ ಹೀಗಾದರೆ ಮಾತ್ರ ವಾದಿಸಲು ದಾರಿಯಿದೆ.

ದೂರು ಬರೆಯುವ ಮೊದಲು ಒಂದನ್ನು ಬೇರ್ಪಡಿಸಿ ನೋಡಿ. ಲೇಪ ನುಣುಪಾಗಿ, ಒಣಗಿ, ಗಟ್ಟಿಯಾಗಿಯೇ ಇದ್ದು, ಹೊಲಿಗೆಯ ಮೇಲೆ ಕಾರ್ಖಾನೆಯಲ್ಲಿ ಅಂಟಿಸಿದ ಪಾರದರ್ಶಕ ಟೇಪ್ ಮಾತ್ರ ಉದ್ದಕ್ಕೆ ಎದ್ದು ಬರುತ್ತಿದ್ದರೆ, ಅದು ಅಂಟಿಸುವಾಗಲೇ ಆದ ತಪ್ಪಿರಬಹುದು. ಅದನ್ನು ವಾರಂಟಿಗೆ ಖಂಡಿತ ಕಳಿಸಿ. ಎರಡೂ ಒಟ್ಟಿಗೆ ಆಗಿದ್ದರೆ ಟೇಪ್ ಬಿಟ್ಟಿರುವುದು ಕೆಳಗಿನ ಲೇಪ ಕರಗಿದ್ದಕ್ಕೆ.

ಮನೆಯಲ್ಲೇ ಉಳಿಸಿಕೊಳ್ಳಬಹುದೇ ಎಂದರೆ, ಮೊದಲು ಬಟ್ಟೆಯ ಶಕ್ತಿ ಪರೀಕ್ಷಿಸಿ. ಒಂದು ಮೂಲೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಜೋರಾಗಿ ಎಳೆಯಿರಿ. ಕಾಗದದಂತೆ ಸೀಳಿದರೆ ಅಲ್ಲಿಗೆ ಬಿಡಿ, ಬಿಸಿಲು ಅದನ್ನು ಮುಗಿಸಿದೆ. ಗಟ್ಟಿಯಾಗಿದ್ದರೆ, ಗಾಳಿ ಆಡುವ ಕಡೆ, ಹತ್ತಿರ ಎಲ್ಲೂ ಬೆಂಕಿಯಿಲ್ಲದ ಹಾಗೆ ನೋಡಿಕೊಂಡು, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರನ್ನು ಸಮಪಾಲು ಬೆರೆಸಿ, ಪಾತ್ರೆ ತಿಕ್ಕುವ ಮೆತ್ತನೆಯ ಸ್ಪಂಜಿನಿಂದ ಲೇಪವನ್ನು ಉಜ್ಜಿ ತೆಗೆಯಿರಿ. ಅರ್ಧಂಬರ್ಧ ತೆಗೆದರೆ ಪ್ರಯೋಜನವಿಲ್ಲ. ಹೊಸ ಲೇಪ ಹಳೆಯ ಅಂಟಿನ ಮೇಲೆ ಕೂತರೆ ಅದರ ಜೊತೆಗೇ ಎದ್ದು ಬರುತ್ತದೆ. ಎದ್ದ ಟೇಪನ್ನೂ ಪೂರ್ತಿ ಕಿತ್ತುಹಾಕಿ. ಒಂದು ಇಡೀ ದಿನ ಒಣಗಿಸಿ, ಟೆಂಟ್ ನೆಲಹಾಸಿಗೆಂದೇ ಮಾರುವ ನೀರಿನ ಆಧಾರದ ಪಾಲಿಯುರಿಥೇನ್ ಲೇಪವನ್ನು ಬ್ರಷ್‌ನಿಂದ ತೆಳುವಾಗಿ ಬಳಿಯಿರಿ. ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಮಡಚಿದಾಗ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಹೊಲಿಗೆಗಳಿಗೆ ಟ್ಯೂಬಿನಲ್ಲಿ ಬರುವ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಬೇರೆಯೇ ಬೇಕು.

ಇದೆಲ್ಲ ಪಾಲಿಯುರಿಥೇನ್ ಬಳಿದ ಮೈಗೆ ಮಾತ್ರ. ಸಿಲಿಕೋನ್ ಲೇಪದ ನೈಲಾನ್ ಆದರೆ ಸಿಲಿಕೋನ್ ಬಿಟ್ಟು ಬೇರೆ ಯಾವುದೂ ಅದಕ್ಕೆ ಅಂಟದು. ಗುರುತು ಸುಲಭ: ಹೊಲಿಗೆಯ ಮೇಲೆ ಕಾರ್ಖಾನೆಯ ಟೇಪ್ ಇದ್ದರೆ ಆ ಮೈ ಪಾಲಿಯುರಿಥೇನ್, ಏಕೆಂದರೆ ಆ ಟೇಪ್ ಸಿಲಿಕೋನಿಗೆ ಹಿಡಿಯುವುದಿಲ್ಲ. ಇಂಥ ಟೆಂಟುಗಳಲ್ಲಿ ಹೊರಮೈ ಸಿಲಿಕೋನ್, ಒಳಮೈ ಪಾಲಿಯುರಿಥೇನ್ ಆಗಿರುವುದೂ ಉಂಟು. ಹಾಗಾಗಿ ಎರಡೂ ಕಡೆ ನೋಡಿ.

ಪ್ರಶ್ನೆ: ಟೆಂಟಿನ ಅಲ್ಯೂಮಿನಿಯಂ ಕಡ್ಡಿ ಸೇರಿಕೆಯ ಹತ್ತಿರ ಸೀಳಿದೆ. ಈ ಮಾದರಿ ಈಗ ತಯಾರಾಗುತ್ತಿಲ್ಲವಂತೆ. ಇಡೀ ಟೆಂಟ್ ಬಿಸಾಡಬೇಕೇ?

ಉತ್ತರ: ಬೇಡ. ಟೆಂಟುಗಳು ಬದಲಾದಷ್ಟು ಬೇಗ ಕಡ್ಡಿಗಳು ಬದಲಾಗುವುದಿಲ್ಲ. ಒಳ್ಳೆಯ ಟೆಂಟುಗಳ ಕಡ್ಡಿಯನ್ನು ಕೊರಿಯಾದ ಡಿಎಸಿಯಂಥ ಕೆಲವೇ ತಯಾರಕರು ಹಲವು ಕಂಪನಿಗಳಿಗೆ ಪೂರೈಸುತ್ತಾರೆ. ಕಂಪನಿಗೆ ಬರೆಯುವಾಗ ಟೆಂಟಿನ ಹೆಸರಿನ ಜೊತೆ ಮೂರು ಅಳತೆ ಕೊಡಿ: ಕಡ್ಡಿಯ ಹೊರವ್ಯಾಸ, ಒಂದು ತುಂಡಿನ ಉದ್ದ (ಒಳಗೆ ಸೇರುವ ಭಾಗ ಬಿಟ್ಟು), ಒಳಗೆ ಸೇರುವ ಭಾಗದ ಉದ್ದ. ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಿರಿ. 8.5 ಮತ್ತು 9 ಮಿಲಿಮೀಟರ್ ನಡುವಿನ ವ್ಯತ್ಯಾಸ ಸ್ಕೇಲಿನಲ್ಲಿ ಕಾಣದು, ಆದರೆ ತಪ್ಪಿದರೆ ತುಂಡು ಸೇರುವುದೇ ಇಲ್ಲ.

ಸೇರಿಕೆಯ ಬಾಯಲ್ಲೇ ಸೀಳಿರುವುದನ್ನು ನೋಡಿದ ಕೂಡಲೇ ರಿಪೇರಿಯವರಿಗೆ ಕಾರಣ ಹೊಳೆಯುತ್ತದೆ. ಒಂದು ತುಂಡು ಇನ್ನೊಂದರೊಳಗೆ ಪೂರ್ತಿ ಕೂರದೆ ಸ್ವಲ್ಪ ಹೊರಗುಳಿದಾಗ, ಬಾಗಿಸಿದ ಬಲವೆಲ್ಲ ತೆಳುವಾದ ಬಾಯಂಚಿನ ಮೇಲೆ ಬಿದ್ದು ಅದು ಉದ್ದಕ್ಕೆ ಸೀಳುತ್ತದೆ. ತುಂಡುಗಳನ್ನು ಝಾಡಿಸಿ ತಾವಾಗಿಯೇ ಸೇರಲು ಬಿಡುವವರಲ್ಲಿ ಇದು ಸಾಮಾನ್ಯ. ವಾರಂಟಿ ಸಿಗುವ ಸಂಭವ ಕಡಿಮೆ, ಆದರೆ ಬಿಡಿ ತುಂಡು ಸಿಗುತ್ತದೆ. ಸಾಧ್ಯವಾದರೆ ಎರಡು ತರಿಸಿ.

ತುಂಡು ಬರುವ ತನಕ, ಸೀಳಿದ ಜಾಗದ ಮೇಲೆ ಒಂದು ಗೇಣಿಗಿಂತ ತುಸು ಚಿಕ್ಕದಾದ ರಿಪೇರಿ ಕೊಳವೆ ಏರಿಸಿ, ಮುರಿತ ಅದರ ನಟ್ಟನಡುವೆ ಬರುವಂತಿಟ್ಟು, ಎರಡೂ ತುದಿಗೆ ಬಟ್ಟೆಯ ಟೇಪ್ ಬಿಗಿಯಾಗಿ ಸುತ್ತಿ. ಟೆಂಟಿನ ಜೊತೆ ಬಂದ ಸಣ್ಣ ಕೊಳವೆಯನ್ನು ಏನೆಂದು ತಿಳಿಯದೆ ಎಸೆದಿರದಿದ್ದರೆ, ಅದೇ ಇದು.

ತುಂಡು ಬದಲಿಸುವಾಗ ಒಳಗಿನ ಎಲಾಸ್ಟಿಕ್ ಹುರಿಯನ್ನೂ ಬದಲಿಸುವುದು ಒಳ್ಳೆಯದು. ಹಳೆಯ ಹುರಿ ಎಳೆಯುವ ಮೊದಲು ಎಲ್ಲ ತುಂಡುಗಳನ್ನು ನೆಲದ ಮೇಲೆ ಕ್ರಮವಾಗಿ ಇಟ್ಟು, ಟೇಪಿನ ಮೇಲೆ ಅಂಕಿ ಬರೆದು ಅಂಟಿಸಿ. ಬಾಗಿದ ತುಂಡುಗಳು ಕೆಲವೊಮ್ಮೆ ಒಂದು ಸ್ಥಾನಕ್ಕೆ ಮಾತ್ರ ಹೊಂದುತ್ತವೆ. ಹೊಸ ಹುರಿ 2.5ರಿಂದ 3 ಮಿಲಿಮೀಟರ್ ದಪ್ಪದ್ದು ಸಾಕು. ಎಳೆಯದೆ ಇಟ್ಟಾಗ ಅದರ ಉದ್ದ ಜೋಡಿಸಿದ ಕಡ್ಡಿಯ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚಿರಲಿ. ಬಿಗಿ ಹೆಚ್ಚಾದರೆ ಕಷ್ಟ, ಏಕೆಂದರೆ ಮಡಚಿಟ್ಟಾಗ ಹುರಿ ಪ್ರತಿ ಸೇರಿಕೆಯಲ್ಲೂ ಹೊರಗೆ ಬಂದು ತಿರುಗಿ ಹೋಗಬೇಕು. ಅಂದರೆ ಟೆಂಟ್ ಕಟ್ಟಿದಾಗಿಗಿಂತ ಮಡಚಿಟ್ಟಾಗಲೇ ಹೆಚ್ಚು ಎಳೆದಿರುತ್ತದೆ. ಹುರಿಗಳು ಸಾಯುವುದು ಕಪಾಟಿನಲ್ಲಿ.

ಪ್ರಶ್ನೆ: ಜಿಪ್ ಎಳೆದರೆ ಸ್ಲೈಡರ್ ಮುಂದೆ ಹೋಗುತ್ತದೆ, ಹಿಂದೆ ಹಲ್ಲುಗಳು ತೆರೆದೇ ಇರುತ್ತವೆ. ಹೊಸ ಜಿಪ್ ಹಾಕಿಸಲು ಕಂಪನಿಗೆ ಕಳಿಸಬೇಕೇ?

ಉತ್ತರ: ಹಲ್ಲು ಮುರಿದಿಲ್ಲವಾದರೆ ಹೊಸ ಜಿಪ್ ಬೇಡ. ಸವೆದಿರುವುದು ಸ್ಲೈಡರ್. ಮರಳು, ಧೂಳು ಒಳಗೆ ತಿರುಗಿ ಅದರ ಎರಡು ಪದರಗಳ ನಡುವಿನ ಸಂದು ದೊಡ್ಡದಾಗಿದೆ. ಸಣ್ಣ ಇಕ್ಕಳದಿಂದ ಹಿಂಬದಿಯ ತುದಿಯನ್ನು, ಮೊದಲು ಒಂದು ಪಕ್ಕ ಆಮೇಲೆ ಇನ್ನೊಂದು ಪಕ್ಕ, ಕೂದಲೆಳೆಯಷ್ಟು ಅಮುಕಿ ಎಳೆದು ನೋಡಿ. ಎರಕದ ಲೋಹವಾದ್ದರಿಂದ ಜೋರು ಮಾಡಿದರೆ ಟಕ್ಕನೆ ಮುರಿಯುತ್ತದೆ, ಮೂರನೇ ಸಲಕ್ಕಂತೂ ಮುರಿದೇ ಮುರಿಯುತ್ತದೆ. ಶಾಶ್ವತ ಪರಿಹಾರ ಹೊಸ ಸ್ಲೈಡರ್. ಹಳೆಯದರ ಬೆನ್ನಿನ ಮೇಲಿನ ಅಂಕಿ (5, 8, 10 ಹೀಗೆ) ಮತ್ತು ಪಕ್ಕದ ಅಕ್ಷರವನ್ನು ಬರೆದುಕೊಳ್ಳಿ. ಜಿಪ್ ತಯಾರಿಸುವ ವೈಕೆಕೆ ಕಂಪನಿಯ 5ಕ್ಕೆ ಬೇರೆ ತಯಾರಕರ 5 ಯಾವಾಗಲೂ ಹೊಂದುವುದಿಲ್ಲ. ಕಂಪನಿಗಳು ಜಿಪ್ಪನ್ನು ಸವೆಯುವ ಭಾಗವೆಂದೇ ಎಣಿಸುತ್ತವೆ, ಆದರೂ ಕೇಳಿದರೆ ಸ್ಲೈಡರ್ ಒಂದನ್ನು ಅಂಚೆಯಲ್ಲಿ ಕಳಿಸುವವರು ಇದ್ದಾರೆ.

ಪ್ರಶ್ನೆ: ತಾನೇ ಗಾಳಿ ತುಂಬಿಕೊಳ್ಳುವ ಹಾಸಿಗೆಯಲ್ಲಿ ತಲೆಯ ಕಡೆ ಬೋರಲು ಬಟ್ಟಲಿನಷ್ಟು ಗುಳ್ಳೆ ಎದ್ದಿದೆ. ಗಾಳಿ ಸೋರುತ್ತಿಲ್ಲ. ಅಂಟು ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ವಾರಂಟಿ ಸಿಗುವ ಸಂಭವ ಈ ಅಂಕಣದ ಎಲ್ಲ ಪ್ರಶ್ನೆಗಳ ಪೈಕಿ ನಿಮ್ಮದಕ್ಕೇ ಹೆಚ್ಚು. ಒಳಗಿನ ಫೋಮ್ ಮೇಲಿನ ಬಟ್ಟೆಯಿಂದ ಬಿಟ್ಟುಕೊಂಡಿದೆ. ಆ ಅಂಟಿಕೆ ಕಾರ್ಖಾನೆಯಲ್ಲಿ ಶಾಖ ಮತ್ತು ಒತ್ತಡದಲ್ಲಿ ಆದದ್ದು, ಸೂಜಿಯಲ್ಲಿ ಅಂಟು ಚುಚ್ಚಿ ಮತ್ತೆ ಹಿಡಿಸಲಾಗದು. ಚುಚ್ಚಿದ ತೂತು ಮಾತ್ರ ಉಳಿಯುತ್ತದೆ, ವಾರಂಟಿಯೂ ಹೋಗುತ್ತದೆ. ಗುಳ್ಳೆ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ತಡಮಾಡಬೇಡಿ. ಪೂರ್ತಿ ಗಾಳಿ ತುಂಬಿ, ಗುಳ್ಳೆಯ ಪಕ್ಕ ಸ್ಕೇಲ್ ಇಟ್ಟು, ಪಕ್ಕದಿಂದ ಬೆಳಕು ಬೀಳುವಂತೆ ಫೋಟೊ ತೆಗೆಯಿರಿ. ಮೇಲಿಂದ ತೆಗೆದ ಫೋಟೊದಲ್ಲಿ ಗುಳ್ಳೆ ಕಾಣುವುದೇ ಇಲ್ಲ. ಗಾಳಿ ತುಂಬಿದ ಹಾಸಿಗೆಯನ್ನು ಬಿಸಿಲಿನಲ್ಲಿ ಅಥವಾ ಮುಚ್ಚಿದ ಕಾರಿನಲ್ಲಿ ಬಿಟ್ಟಿದ್ದಿರಾ ಎಂದು ಅವರು ಕೇಳುತ್ತಾರೆ, ಏಕೆಂದರೆ ಬಿಸಿಗೆ ಹಿಗ್ಗಿದ ಗಾಳಿಯೂ ಹೀಗೆ ಕಿತ್ತುಹಾಕಬಲ್ಲದು.

ಒಪ್ಪಿದ ಮೇಲೆ ಕೆಲವು ಕಂಪನಿಗಳು ಹಾಸಿಗೆಯನ್ನು ವಾಪಸ್ ಕೇಳದೆ, ವಾಲ್ವ್ ಇರುವ ಮೂಲೆಯನ್ನು ಕತ್ತರಿಸಿ ಫೋಟೊ ಕಳಿಸಿ ಎನ್ನುತ್ತವೆ. ಬದಲಿ ಕೊಡುತ್ತೇವೆ ಎಂಬ ಮಾತು ಬರಹದಲ್ಲಿ ಕೈಗೆ ಬರುವವರೆಗೆ ಕತ್ತರಿ ಮುಟ್ಟಬೇಡಿ.

ಪ್ರಶ್ನೆ: ಹಳೆಯ ಪಂಪ್ ಸ್ಟೌನಲ್ಲಿ ಎಷ್ಟು ಪಂಪ್ ಹೊಡೆದರೂ ಒತ್ತಡ ನಿಲ್ಲುವುದಿಲ್ಲ. ತಯಾರಕರಿಗೆ ಕಳಿಸಿದರೆ ಸರಿಮಾಡುತ್ತಾರೆಯೇ?

ಉತ್ತರ: ಕಳಿಸುವ ಅಗತ್ಯ ಬಹುಶಃ ಇಲ್ಲ. ವಾಷರ್, ಒ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ), ನಿಪ್ಪಲ್, ಮ್ಯಾಂಟಲ್ ಇವು ಯಾವ ಕಂಪನಿಯ ವಾರಂಟಿಯಲ್ಲೂ ಬರುವುದು ಕಷ್ಟ. ಪಂಪಿನ ಹಿಡಿ ಸಲೀಸಾಗಿ, ತಡೆಯೇ ಇಲ್ಲದೆ ಒಳಗೆ ಹೋದರೆ ಬಟ್ಟಲಾಕಾರದ ಚರ್ಮದ ವಾಷರ್ ಒಣಗಿ ಕುಗ್ಗಿದೆ. ಹೊರತೆಗೆದು, ಎರಡು ಮೂರು ಹನಿ ಎಣ್ಣೆ ಹಾಕಿ ಬೆರಳಲ್ಲಿ ತೀಡಿ, ಅಂಚನ್ನು ಹೊರಕ್ಕೆ ಅಗಲಿಸಿ ಮತ್ತೆ ಕೂರಿಸಿ. ಹೊಲಿಗೆ ಯಂತ್ರದ ಎಣ್ಣೆ ಸಾಕು. ಅಡುಗೆ ಎಣ್ಣೆ ಕಾಲಕ್ರಮದಲ್ಲಿ ಜಿಗುಟಾಗುತ್ತದೆ, ಬೇಡ. ಹಿಡಿ ತಾನಾಗಿಯೇ ಮೇಲೆ ಒತ್ತಿ ಬಂದರೆ ದೋಷ ಬೇರೆ: ಪಂಪಿನ ತಳದ ಒಮ್ಮುಖ ವಾಲ್ವಿನಲ್ಲಿ ಕಸ ಕೂತಿದೆ. ಒತ್ತಡ ಏರಿ ನಿಧಾನಕ್ಕೆ ಇಳಿದರೆ ಮುಚ್ಚಳದ ರಬ್ಬರ್ ನೋಡಿ. ಉಗುರಿನಿಂದ ಒತ್ತಿದಾಗ ಗುರುತು ಉಳಿದರೆ ಅಥವಾ ಬಿರುಕು ಕಂಡರೆ ಬದಲಿಸಲೇಬೇಕು. ಸ್ಟೌ ಹಚ್ಚುವ ಮೊದಲು ಎಲ್ಲ ಸೇರಿಕೆಗಳಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಬಿಡಿಭಾಗ ಸಿಗುತ್ತದೆಯೇ ಎನ್ನುವುದು ಮಾದರಿಯ ಮೇಲೆ ನಿಂತಿದೆ. ಎಂಎಸ್‌ಆರ್ ಕಂಪನಿಯ ವಿಸ್ಪರ್‌ಲೈಟ್ ಸ್ಟೌ 1984ರಿಂದ ಬಳಕೆಯಲ್ಲಿದೆ, ಅದಕ್ಕೆ ವಾಷರ್, ಒ-ರಿಂಗ್ ಸೇರಿದ ರಿಪೇರಿ ಕಿಟ್ಟೇ ಬರುತ್ತದೆ. ಕೋಲ್ಮನ್ ಲಾಟೀನು, ಸ್ಟೌಗಳ ಟ್ಯಾಂಕ್ ತಳದಲ್ಲಿ ಒತ್ತಿರುವ ಎರಡು ಅಂಕಿಗಳು ಸಾಮಾನ್ಯವಾಗಿ ತಯಾರಾದ ತಿಂಗಳು ಮತ್ತು ವರ್ಷ. ಬಿಡಿಭಾಗ ಕೇಳುವಾಗ ಮಾದರಿ ಸಂಖ್ಯೆಯ ಜೊತೆ ಅದನ್ನೂ ತಿಳಿಸಿ. ಮುಚ್ಚಳದಲ್ಲಿ ಸುರಕ್ಷಾ ವಾಲ್ವ್ ಇರುವ ಹಿತ್ತಾಳೆ ಸ್ಟೌ ಆದರೆ ಆ ಮುಚ್ಚಳವನ್ನು ಬಿಚ್ಚಿ ರಿಪೇರಿ ಮಾಡಲು ಹೋಗದೆ ಇಡಿಯಾಗಿ ಹೊಸದು ಹಾಕಿ. ನಗ್ಗಿದ ಇಂಧನದ ಬಾಟಲಿಯನ್ನೂ ಬಳಸಬಾರದು.

ಪ್ರಶ್ನೆ: ಸ್ಟೀಲ್ ಫ್ಲಾಸ್ಕ್ ಬಿಸಿ ಹಿಡಿಯುತ್ತಿಲ್ಲ.

ಉತ್ತರ: ಕುದಿಯುವ ನೀರು ತುಂಬಿ ಮುಚ್ಚಿ, ಐದು ನಿಮಿಷ ಬಿಟ್ಟು ಹೊರಮೈ ಮುಟ್ಟಿ ನೋಡಿ. ಒಡಲು ಬಿಸಿಯಾಗಿದ್ದರೆ ಎರಡು ಗೋಡೆಗಳ ನಡುವಿನ ನಿರ್ವಾತ ಹೋಗಿದೆ. ಅದಕ್ಕೆ ರಿಪೇರಿಯಿಲ್ಲ, ಬದಲಿ ಕೇಳಿ. ನಗ್ಗಿರುವುದು ಕಂಡರೆ ನಿರಾಕರಿಸಬಹುದು. ಒಡಲು ತಣ್ಣಗಿದ್ದೂ ಒಳಗಿನದು ಆರುತ್ತಿದ್ದರೆ ಮುಚ್ಚಳದ ರಬ್ಬರ್ ಬದಲಿಸಿ, ಸಾಕು.

ಪ್ರಶ್ನೆ: ಕಂಪನಿಗೆ ಎರಡು ಸಲ ಬರೆದೆ, ‘ಟೆಂಟ್ ಹಾಳಾಗಿದೆ, ವಾರಂಟಿ ಕೊಡಿ’ ಎಂದು. ಉತ್ತರವಿಲ್ಲ. ಹೇಗೆ ಬರೆಯಬೇಕು, ಹೇಗೆ ಕಳಿಸಬೇಕು?

ಉತ್ತರ: ಆ ಸಾಲಿನಿಂದ ಓದಿದವರಿಗೆ ಏನೂ ತಿಳಿಯುವುದಿಲ್ಲ. ಮೊದಲ ಪತ್ರದಲ್ಲೇ ಮಾದರಿಯ ಹೆಸರು, ಪಟ್ಟಿಯ ಮೇಲಿನ ಸಂಕೇತ, ಕೊಂಡ ವರ್ಷ, ದೋಷ ಯಾವ ಭಾಗದಲ್ಲಿ, ಏನು ಮಾಡುವಾಗ ಕಂಡಿತು, ನಿಮಗೆ ಏನು ಬೇಕು (ರಿಪೇರಿಯೋ, ಬಿಡಿಭಾಗವೋ) ಎಂಬುದಿರಲಿ. ಹತ್ತು ಸಾಲು ದಾಟಬೇಡಿ. ಇಡೀ ವಸ್ತುವಿನದೊಂದು, ದೋಷದ್ದು ಹತ್ತಿರದಿಂದ ಸ್ಕೇಲ್ ಇಟ್ಟು ಒಂದು, ಅದೇ ಜಾಗದ ಒಳಮೈಯದೊಂದು, ಸಂಕೇತದ ಪಟ್ಟಿಯದೊಂದು, ಒಟ್ಟು ನಾಲ್ಕು ಫೋಟೊ ಸಾಕು. ನೀವೇ ತೇಪೆ ಹಾಕಿದ್ದರೆ ಮುಚ್ಚಿಡದೆ ಹೇಳಿ, ಹೇಗಿದ್ದರೂ ಅದು ಕಾಣುತ್ತದೆ. ತೇಪೆಯಿಂದ ಇಡೀ ವಾರಂಟಿ ಹೋಗಬೇಕೆಂದಿಲ್ಲ, ಆದರೆ ಬಟ್ಟೆಯ ಟೇಪಿನ ಜಿಗುಟು ಅಥವಾ ಸಿಲಿಕೋನ್ ಅಂಟು ಮೆತ್ತಿದ ಕಡೆ ಅವರ ತೇಪೆ ಹಿಡಿಯದು ಎಂಬ ಕಾರಣಕ್ಕೆ ಬಿಟ್ಟುಬಿಡುತ್ತಾರೆ.

ಅವರಿಂದ ಒಪ್ಪಿಗೆಯ ಸಂಖ್ಯೆ ಬರುವ ಮೊದಲು ಏನನ್ನೂ ಕಳಿಸಬೇಡಿ. ಸಂಖ್ಯೆಯಿಲ್ಲದ ಪೊಟ್ಟಣ ಗೋದಾಮಿನಲ್ಲಿ ಯಾರದೆಂದು ತಿಳಿಯದೆ ಬಿದ್ದಿರುತ್ತದೆ. ಬಂದ ಮೇಲೆ ಅದನ್ನು ಪೆಟ್ಟಿಗೆಯ ಹೊರಗೂ ಒಳಗಿನ ಚೀಟಿಯಲ್ಲೂ ಬರೆಯಿರಿ. ದೋಷದ ಜಾಗವನ್ನು ಬಣ್ಣದ ದಾರ ಕಟ್ಟಿ ಅಥವಾ ಕಾಗದದ ಟೇಪ್ ಅಂಟಿಸಿ ಗುರುತಿಸಿ. ಸಣ್ಣ ತೂತನ್ನು ಎರಡನೇ ಸಲ ಹುಡುಕುವುದು ಸುಲಭವಲ್ಲ. ಹೊರಗೋಡೆ ಹರಿದಿದ್ದರೆ ಕಡ್ಡಿ, ಗೂಟ, ಹಗ್ಗ ಕಳಿಸುವುದೇಕೆ? ಅವನ್ನು ತೆಗೆದಿಡಿ. ಎಲ್ಲವನ್ನೂ ತೊಳೆದು, ಪೂರ್ತಿ ಒಣಗಿಸಿ ಕಳಿಸಿ. ಕೊಳೆಯಾದದ್ದನ್ನು ತೊಳೆಯುವ ಖರ್ಚು ಹಾಕುತ್ತಾರೆ ಅಥವಾ ಹಾಗೇ ವಾಪಸ್ ಕಳಿಸುತ್ತಾರೆ. ಪುಕ್ಕದ ಸ್ಲೀಪಿಂಗ್ ಬ್ಯಾಗ್ ಮುಟ್ಟಲು ಒಣಗಿದಂತಿದ್ದರೂ ಒಳಗೆ ಗಂಟುಗಳಿದ್ದರೆ ಇನ್ನೂ ಹಸಿ ಎಂದೇ ಅರ್ಥ. ಸ್ಟೌ ಕಳಿಸಲೇಬೇಕಾದರೆ ಇಂಧನ ಖಾಲಿ ಮಾಡಿದರೆ ಸಾಲದು, ಆವಿಯೂ ಉಳಿಯಬಾರದು. ಟ್ಯಾಂಕ್ ತೆರೆದು ಗಾಳಿಗೆ ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆ, ಬಳಸಿದ ಸ್ಟೌ ಎಂದು ಕೊರಿಯರ್‌ನವರಿಗೆ ಮೊದಲೇ ತಿಳಿಸಿ. ಹೇಳದೆ ಕಳಿಸಿದರೆ ವಾಸನೆ ಬಂದ ಪೊಟ್ಟಣವನ್ನು ಅವರು ಅಪಾಯಕಾರಿ ಸರಕೆಂದು ತಡೆಯುತ್ತಾರೆ.

ಬೇರೆ ದೇಶಕ್ಕೆ ಕಳಿಸುವುದಾದರೆ ಕಸ್ಟಮ್ಸ್ ಕಾಗದದಲ್ಲಿ ‘ಬಳಸಿದ ವಸ್ತು, ರಿಪೇರಿಗೆ ಕಳಿಸುತ್ತಿದ್ದು ವಾಪಸ್ ಬರುವುದು’ ಎಂದು ನಮೂದಿಸಿ, ಕಳಿಸಿದ ರಸೀದಿ ಮತ್ತು ಕಂಪನಿಯ ಒಪ್ಪಿಗೆ ಪತ್ರದ ಪ್ರತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ನಿಮ್ಮದೇ ಟೆಂಟಿಗೆ ಹೊಸ ಸರಕಿನ ಸುಂಕ ಕೇಳಿಯಾರು. ಹೋಗುವ ಸಾಗಾಟದ ಖರ್ಚು ಬಹಳ ಸಲ ನಿಮ್ಮದೇ. ಭಾರವಾದ ಹಳೆಯ ಟೆಂಟಿಗೆ ಅದು ರಿಪೇರಿಯ ಬೆಲೆಯನ್ನೇ ಮೀರಬಹುದು, ಆದ್ದರಿಂದ ಪೊಟ್ಟಣ ಕಟ್ಟುವ ಮೊದಲು ತೂಗಿ ನೋಡಿ.

ಪ್ರಶ್ನೆ: ನನ್ನ ಸ್ಟೌ ತಯಾರಿಸಿದ ಕಂಪನಿಯನ್ನು ಬೇರೆಯವರು ಕೊಂಡಿದ್ದಾರೆ. ವಾರಂಟಿ ಉಳಿಯುತ್ತದೆಯೇ?

ಉತ್ತರ: ಹೆಸರು ಉಳಿದಿದೆ ಎಂದ ಮಾತ್ರಕ್ಕೆ ವಾರಂಟಿ ಉಳಿದಿದೆ ಎಂದಲ್ಲ. ಕೊಂಡವರು ಹೆಸರನ್ನು ಮಾತ್ರ ಕೊಂಡರೋ ಹಳೆಯ ಹೊಣೆಗಳನ್ನೂ ಒಪ್ಪಿಕೊಂಡರೋ ಎಂಬುದರ ಮೇಲೆ ಅದು ನಿಂತಿದೆ. ಎಂಎಸ್‌ಆರ್ 1981ರಲ್ಲಿ ಆರ್‌ಇಐ ಕೈಗೆ, 2001ರಲ್ಲಿ ಕ್ಯಾಸ್ಕೇಡ್ ಡಿಸೈನ್ಸ್ ಕೈಗೆ ಹೋಯಿತು, ಸ್ಟೌಗಳ ತಯಾರಿಕೆ ಮುಂದುವರಿಯಿತು. ತಯಾರಿಕೆ ಹೀಗೆ ಮುಂದುವರಿದ ಕಡೆ, ವಾರಂಟಿ ಇಲ್ಲವೆಂದರೂ ಬಿಡಿಭಾಗ ಸಿಗುತ್ತದೆ. ಹಾಗಾಗಿ ಹೊಸ ಮಾಲೀಕರಿಗೆ ಬರೆಯುವಾಗ ವಾರಂಟಿಯ ಮಾತು ಎತ್ತದೆ, ಯಾವ ವರ್ಷದ ಯಾವ ಮಾದರಿಗೆ ಯಾವ ಭಾಗ ಬೇಕು ಎಂದಷ್ಟೇ ಕೇಳಿ.